ಮಗಳ ಮನೆಯ ಬಾಗಿಲನ್ನು ನಡುರಸ್ತೆಯಲ್ಲಿ ನಿಲ್ಲಿಸಿದ ಬಗ್ಗೆ

ರಸ್ತೆ, ತಡೆ ಮತ್ತು ತೆರವು ವಿಭಾಗ
(ಕಚೇರಿಯ ಬಾಗಿಲು ಎಡಕ್ಕೆ ತೆರೆಯುತ್ತದೆ; ಒದೆಯಬಾರದು)

ಸಂಖ್ಯೆ: ರತತೆ/ಬಾಗಿಲು/01/ಇದೇ ಮೊದಲು
ದಿನಾಂಕ: ತಡೆ ತೆರವಾದ ಮೂರನೆಯ ದಿನ, ಬೆಳಿಗ್ಗೆ

ಸುತ್ತೋಲೆ

ವಿಷಯ: ರಸ್ತೆ ತಡೆಯಲ್ಲಿ ಸಿಕ್ಕಿಕೊಂಡ ಕುಟುಂಬಗಳು ವಾಹನದಿಂದ ಇಳಿಸುವ ಬಾಗಿಲು, ಸದರಿ ಬಾಗಿಲನ್ನು ಬಡಿಯುವ ಕ್ರಮ, ಹಾಗೂ ಸದರಿ ಬಾಗಿಲನ್ನು ಇಲಾಖೆಗೆ ವಾಪಸ್ಸು ಒಪ್ಪಿಸುವ ಬಗ್ಗೆ.

ಉಲ್ಲೇಖ:
1. ಸ್ಥಳದಲ್ಲಿದ್ದ ಪೊಲೀಸ್ ಪೇದೆಯವರ ವರದಿ (ಒಂದೂವರೆ ಪುಟ, ಉಳಿದರ್ಧ ಪುಟದ ಮೇಲೆ ಟೀ ಚೆಲ್ಲಿದೆ).
2. ಅಜ್ಜಿಯವರ ಬಾಯಿ ಹೇಳಿಕೆ.
3. ಉಲ್ಲೇಖ 2ರಲ್ಲಿ ಇರುವುದೆಲ್ಲ ಬುರುಡೆ ಎಂದು ಅವರ ಸೊಸೆ ಕೊಟ್ಟ ಹೇಳಿಕೆ.
4. ಉಲ್ಲೇಖ 3ನ್ನು ಕೇಳಿ ಅಜ್ಜಿಯವರು ಕೊಟ್ಟ ಇನ್ನೊಂದು ಹೇಳಿಕೆ (ಸುತ್ತೋಲೆಗೆ ಹಾಕುವಂಥದ್ದಲ್ಲ).

ಮೇಲೆ ಕಂಡ ವಿಷಯದಲ್ಲಿ ಸಾರ್ವಜನಿಕರಿಗೂ ಸಿಬ್ಬಂದಿಗೂ ತಿಳಿಯಪಡಿಸುವುದೇನೆಂದರೆ, ಶಾಲೆಯ ತಿರುವಿನಲ್ಲಿ ಒಂದು ಇಡೀ ಹಗಲು ರಸ್ತೆ ತಡೆ ನಡೆದಿರುತ್ತದೆ. ಬೇಡಿಕೆ ಒಂದೇ. ಶಾಲೆಯ ಮುಂದೆ ವಾಹನಗಳ ಓಟ ತಗ್ಗಿಸಲು ಒಂದು ರಸ್ತೆ ಉಬ್ಬು, ಅಂದರೆ ಜನ ಹಂಪ್ಸು ಎನ್ನುವಂಥದ್ದು, ಹಾಕಿಕೊಡಬೇಕು. ಈ ಬಗ್ಗೆ ಬಂದಿದ್ದ ಎಲ್ಲ ಅರ್ಜಿಗಳನ್ನೂ ಇಲಾಖೆ ಒಂದರ ಮೇಲೊಂದು ಜೋಪಾನವಾಗಿ ಇಟ್ಟಿದ್ದು, ಅವು ಈಗಾಗಲೇ ಉಬ್ಬಿನ ಎತ್ತರಕ್ಕೆ ಬಂದಿರುತ್ತವೆ.

ಸದರಿ ತಡೆಯಲ್ಲಿ ಒಂದು ವ್ಯಾನು ಸಿಕ್ಕಿಕೊಂಡಿತು. ಅದರೊಳಗೆ ಒಬ್ಬ ಬಡಗಿ ಮೇಸ್ತ್ರಿ, ಅವರ ಹೆಂಡತಿ, ಅವರ ತಾಯಿ (ಮುಂದೆ ‘ಅಜ್ಜಿ’ ಎಂದು ಕರೆಯಲಾಗುವುದು, ಬೇರೆ ಹೇಗೆ ಕರೆದರೂ ತಿರುಗಿ ನೋಡುವುದಿಲ್ಲ), ವ್ಯಾನು ಓಡಿಸುವ ಭಾವಮೈದ ಇದ್ದರು. ವ್ಯಾನಿನ ನೆತ್ತಿಯ ಮೇಲೆ ಚೌಕಟ್ಟಿನ ಸಮೇತ ಒಂದು ಬಾಗಿಲಿತ್ತು. ಅದು ಆರು ಕಿಲೋಮೀಟರ್ ಮುಂದಿರುವ ಬಡಗಿಯ ಮಗಳ ಮನೆಗೆ ಸೇರಬೇಕಾದದ್ದು. ಮಗಳು ಮೂರು ತಿಂಗಳ ಕೂಸನ್ನು ಕಟ್ಟಿಕೊಂಡು ಬಾಗಿಲಿಲ್ಲದ ಹೊಸ ಮನೆಗೆ ಬಂದು ಮೂರು ದಿನವಾಗಿತ್ತು. ಬಾಗಿಲಿನ ಜಾಗಕ್ಕೆ ಬೀರುವನ್ನು ಅಡ್ಡ ಇಟ್ಟುಕೊಂಡಿದ್ದರು. ಬೀರುವಿನ ಪಕ್ಕದ ಸಂದಿಯಿಂದ ಬೀದಿಯ ಸದ್ದು, ಬೀದಿಯ ಧೂಳು, ಬೀದಿಯ ನಾಯಿ ಮೂರೂ ಹೇಳದೆ ಕೇಳದೆ ಒಳಗೆ ಬರುತ್ತಿದ್ದು, ಕೂಸು ಮೂರು ದಿನದಿಂದ ನೆಟ್ಟಗೆ ಕಣ್ಣು ಮುಚ್ಚಿರಲಿಲ್ಲ. ಅಳಿಯನಿಗೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಸಂಜೆ ಏಳಕ್ಕೆ ಹೊರಡಲೇಬೇಕು. ಅಷ್ಟರೊಳಗೆ ಬಾಗಿಲು ಕೂರಬೇಕು.

ಅಂಗಡಿಯಲ್ಲಿ ಸಿದ್ಧ ಬಾಗಿಲು ಸಿಗುವುದಿಲ್ಲವೇ ಎಂದು ಇಲಾಖೆಯಿಂದ ಕೇಳಲಾಯಿತು. “ಬಡಗಿ ಮಗಳ ಮನೆಗೆ ಅಂಗಡಿ ಬಾಗಿಲಾ? ನಾನೇನು ಸತ್ತುಹೋಗಿದ್ದೀನಾ?” ಎಂದು ಬಡಗಿಯವರು ತಿರುಗಿ ಕೇಳಿದ್ದರಿಂದ ಇಲಾಖೆ ಪ್ರಶ್ನೆಯನ್ನು ಹಿಂಪಡೆಯಿತು. ಇವರ ಸ್ವಂತ ಮನೆಗೆ ಇಪ್ಪತ್ತೆರಡು ವರ್ಷದಿಂದ ಗೋಣಿಚೀಲದ ಪರದೆಯೇ ಗತಿ ಎಂಬುದನ್ನು ಕಡತಕ್ಕೆ ಸೇರಿಸಲು ಅವರ ಹೆಂಡತಿ ಕೋರಿದ್ದಾರೆ. ಸೇರಿಸಲಾಗಿದೆ.

ಅಂದು ನಡೆದದ್ದು ಇನ್ನೊಮ್ಮೆ ನಡೆಯದಂತೆ ಈ ಕೆಳಗಿನ ಕ್ರಮಗಳನ್ನು ಈ ಮೂಲಕ ಸೂಚಿಸಲಾಗಿದೆ:

1. ತಡೆಯಲ್ಲಿ ಸಿಕ್ಕಿಕೊಂಡ ಯಾವುದೇ ಕುಟುಂಬ ತನ್ನ ಬಾಗಿಲನ್ನು ಇಳಿಸಿ ರಸ್ತೆಯಲ್ಲಿ ನಿಲ್ಲಿಸತಕ್ಕದ್ದಲ್ಲ. ಮಲಗಿಸಿದ ಬಾಗಿಲು ಬಿಸಿಲಿಗೆ ಡೊಂಕಾಗುತ್ತದೆ, ನಿಂತ ಬಾಗಿಲು ಆಗುವುದಿಲ್ಲ ಎಂಬ ಬಡಗಿಯವರ ವಾದವನ್ನು ಇಲಾಖೆ ಒಪ್ಪುತ್ತದೆ. ಅವರು ಆರಿಸಿದ ಜಾಗವನ್ನು ಒಪ್ಪುವುದಿಲ್ಲ. ರಸ್ತೆಗೆ ಅಡ್ಡಲಾಗಿ ಒಂದು ಕಡೆ ಕಲ್ಲಿನ ಗುಡ್ಡೆ, ಇನ್ನೊಂದು ಕಡೆ ಶಾಲೆಯ ಬೆಂಚುಗಳ ಸಾಲು ಇದ್ದು, ನಡುವೆ ಮೂರೂವರೆ ಅಡಿಯ ಸಂದು ಬಿಡಲಾಗಿತ್ತು. ಪ್ರತಿಭಟನೆಯವರು ಆಚೆ ಬದಿಗೆ ಹೋಗಿ ಟೀ ಕುಡಿದು ಬರುವ ದಾರಿ ಅದು. ಬಡಗಿಯವರು ಟೇಪು ಹಿಡಿದು ನೋಡಿ, “ನೋಡೇ ಇವಳೇ, ನೂಲಿನೆಳೆ ಹೆಚ್ಚಿಲ್ಲ, ನೂಲಿನೆಳೆ ಕಮ್ಮಿ ಇಲ್ಲ! ನಮ್ಮ ಬಾಗಿಲಿಗೇ ಅಂತ ಬಿಟ್ಟಿದ್ದಾರೆ” ಎಂದು ಹಿಗ್ಗಿ, ಚೌಕಟ್ಟನ್ನು ಅಲ್ಲೇ ಕೂರಿಸಿದರು. “ಊರ ರಸ್ತೆಗೆ ಬಾಗಿಲು ಕೂರಿಸೋಕೆ ಅರ್ಧ ಗಂಟೆ, ಮನೆಗೆ ಇಪ್ಪತ್ತೆರಡು ವರ್ಷ” ಎಂದು ಹೆಂಡತಿ ಅಂದದ್ದನ್ನು ಸೇರಿಸಲು ಕೋರಿದ್ದಾರೆ. ಸೇರಿಸಲಾಗಿದೆ.

2. ಅಭ್ಯಾಸಗಳನ್ನು ಪ್ರಯಾಣಕ್ಕೆ ಮುಂಚೆ ಮನೆಯಲ್ಲೇ ಬಿಟ್ಟು ಬರತಕ್ಕದ್ದು. ಕೂರಿಸಿದ ಬಾಗಿಲಿಗೆ ಬೀಗ ಹಾಕಿ ನೋಡುವುದು ಬಡಗಿಯವರ ಅಭ್ಯಾಸ. ಹಾಕಿದರು. ಬೀಗದಕೈ ಯಾವುದಾದರೂ ತಾಯಿಯ ಕೈಗೆ ಕೊಡುವುದು ಆ ಮನೆಯ ಅಭ್ಯಾಸ. ಕೊಟ್ಟರು. (ಬಾಗಿಲೇ ಇಲ್ಲದ ಮನೆಯಲ್ಲಿ ಬೀಗದಕೈ ಎಲ್ಲಿಂದ ಬಂತು ಎಂದು ವಿಚಾರಿಸಲಾಗಿ, ಬೀಗ ತಂದು ಇಪ್ಪತ್ತೆರಡು ವರ್ಷವಾಯಿತು, ಬಾಗಿಲು ಮಾತ್ರ ಬರಬೇಕು ಎಂದು ತಿಳಿದುಬಂದಿದೆ.) ಕೈಗೆ ಬಂದ ಬೀಗದಕೈಯನ್ನು ಸೊಂಟದ ಸಂಚಿಗೆ ಇಳಿಬಿಟ್ಟು ಬಾಗಿಲ ಪಕ್ಕ ಕುರ್ಚಿ ಎಳೆದುಕೊಳ್ಳುವುದು ಅಜ್ಜಿಯವರ ಅಭ್ಯಾಸ. ಎಳೆದುಕೊಂಡರು. ಹೀಗೆ ಯಾರೊಬ್ಬರೂ ತಪ್ಪು ಮಾಡದೆ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಮುಚ್ಚಿದ್ದ ರಸ್ತೆಗೆ ಬೀಗವೂ ಬಿತ್ತು.

3. ಭಾವಮೈದುನರು ವಾಹನದ ಬ್ಯಾಟರಿಯನ್ನು ಪರರಿಗೆ ದಾನ ಮಾಡಬಾರದು. ಪ್ರತಿಭಟನೆಯ ಮುಂದಾಳು, ಊರಿನಲ್ಲಿ ‘ಮೈಕಣ್ಣ’ ಎಂದೇ ಹೆಸರಾದವರು, ಮೈಕಿನ ಬ್ಯಾಟರಿ ಸತ್ತಿದೆ ಎಂದು ಕಂಗಾಲಾಗಿದ್ದನ್ನು ಕಂಡು, “ಅಣ್ಣಾ, ನಮ್ಮ ವ್ಯಾನಿಂದ ತಗೊಳ್ಳಿ, ಹೇಗಿದ್ರೂ ನಿಂತೇ ಇದೆಯಲ್ಲ” ಎಂದು ಸದರಿ ಭಾವಮೈದ ತಾವೇ ವೈರು ಎಳೆದುಕೊಟ್ಟಿದ್ದಾರೆ. ತಮ್ಮನ್ನು ತಡೆದವರಿಗೆ ತಮ್ಮದೇ ಕರೆಂಟು ಕೊಟ್ಟ ಪ್ರಕರಣ ಈ ಕಚೇರಿಯ ಕಡತಗಳಲ್ಲಿ ಹಿಂದೆ ಇಲ್ಲ.

4. ಬಾಗಿಲಿರುವ ರಸ್ತೆಯಲ್ಲಿ ಬಾಗಿಲಿನ ಮೂಲಕವೇ ಹೋಗಬೇಕೆಂಬ ನಿಯಮ ಇರುವುದಿಲ್ಲ. ಬೆಂಚುಗಳ ಎತ್ತರ ಮೊಣಕಾಲಿನಷ್ಟು. ಯಾರು ಬೇಕಾದರೂ ದಾಟಬಹುದಿತ್ತು. ಬೆಳಿಗ್ಗೆಯಿಂದ ದಾಟುತ್ತಲೂ ಇದ್ದರು. ಬಾಗಿಲು ನಿಂತ ಕ್ಷಣದಿಂದ ಒಬ್ಬರೂ ದಾಟಲಿಲ್ಲ. ಪೇದೆಯವರು ಕಾರಣ ಕೇಳಿದಾಗ ಬಸ್ಸಿನ ಪ್ರಯಾಣಿಕರೊಬ್ಬರು, “ಬಾಗಿಲು ಇಟ್ಕೊಂಡು ಬೆಂಚು ಹಾರೋಕೆ ನಾವೇನು ಕಳ್ಳರಾ ಸ್ವಾಮಿ?” ಎಂದು ಹೇಳಿ ಸಾಲಿನಲ್ಲಿ ನಿಂತರು. ಅವರ ಹಿಂದೆ ಪೇದೆಯವರೂ ನಿಂತರು. ಮಧ್ಯಾಹ್ನದ ಹೊತ್ತಿಗೆ ಸಾಲು ಎಷ್ಟು ಉದ್ದವಾಯಿತೆಂದರೆ, ಸಾಲಿನ ಬಾಲದಲ್ಲಿದ್ದವರು ಯಾವುದೋ ಸಿನಿಮಾ ಟಿಕೆಟಿಗೆ ನಿಂತಿದ್ದೇವೆಂದು ತಿಳಿದಿದ್ದರು.

5. ಬಾಗಿಲು ಬಡಿಯುವ ಕ್ರಮ:

(ಅ) ಸೈಕಲ್ಲಿನವರು ಒಂದು ಸಲ, ಕಾರಿನವರು ಎರಡು ಸಲ, ಬಸ್ಸಿನವರು ಎಷ್ಟು ಜನರಿದ್ದರೂ ಕಂಡಕ್ಟರ್ ಮುಖಾಂತರ ಮೂರು ಸಲ ಬಡಿಯತಕ್ಕದ್ದು.

(ಆ) “ಯಾರು?” ಎಂಬ ಪ್ರಶ್ನೆಗೆ “ನಾನು” ಎಂದು ಉತ್ತರಿಸತಕ್ಕದ್ದಲ್ಲ. ಹಾಗೆ ಉತ್ತರಿಸಿದ ಮೈಕಣ್ಣನವರಿಗೆ ಅಜ್ಜಿಯವರು, “ನಾನು ಅಂದ್ರೆ ಯಾರಪ್ಪಾ? ನಾನೂ ನಾನೇ. ಇಲ್ಲಿರೋರೆಲ್ಲ ನಾನೇ. ಹೆಸರು ಹೇಳು, ಕೆಲಸ ಹೇಳು, ಕಾಲು ಒರೆಸ್ಕೋ” ಎಂದರು. ಬೆಳಗಿನಿಂದ ಸರಕಾರಕ್ಕೇ ಬೆವರಿಳಿಸುತ್ತಿದ್ದ ಮೈಕಣ್ಣನವರು ತಮ್ಮದೇ ರಸ್ತೆ ತಡೆಯ ಆಚೆ ಒಂದು ಟೀ ಕುಡಿಯಲು ಕಾಲು ಒರೆಸಿಕೊಂಡರು.

(ಇ) ಲಾರಿಯವರು ಹಾರನ್ ಹೊಡೆಯತಕ್ಕದ್ದಲ್ಲ. “ನಿನ್ನ ಮನೇಲೂ ಹೀಗೇ ಕೂಗಿ ಬಾಗಿಲು ತೆಗೆಸ್ತೀಯೇನೋ? ಇಳಿದು ಬಾ” ಎಂದು ಅಜ್ಜಿಯವರು ಗದರಿದ್ದರಿಂದ ಒಬ್ಬ ಲಾರಿ ಡ್ರೈವರು ಇಳಿದು ಬಂದು ಬಡಿದರು. ಲಾರಿ ಹಿಡಿಸದ ಕಾರಣ ಅವರೊಬ್ಬರೇ ಬಾಗಿಲು ದಾಟಿ, ಆಚೆಯಿಂದ ತಮ್ಮ ಲಾರಿಯನ್ನು ಸ್ವಲ್ಪ ಹೊತ್ತು ನೋಡಿ, ಮತ್ತೆ ಬಾಗಿಲು ಬಡಿದು ಈಚೆ ಬಂದರು. ಮನಸ್ಸಿಗೆ ಸಮಾಧಾನವಾಯಿತು ಎಂದು ಹೇಳಿಕೆ ಕೊಟ್ಟಿದ್ದಾರೆ.

6. ರಸ್ತೆಯ ಯಾವ ಬದಿ ಒಳಗೆ, ಯಾವ ಬದಿ ಹೊರಗೆ ಎಂಬ ಬಗ್ಗೆ ಎರಡು ಬಸ್ಸಿನವರ ನಡುವೆ ತಕರಾರು ಬಂದಿರುತ್ತದೆ. ಅಜ್ಜಿಯವರು ಕೂತ ಬದಿಯೇ ಒಳಗೆ ಎಂದು ತೀರ್ಮಾನಿಸಲಾಗಿದೆ. ಬಿಸಿಲು ತಿರುಗಿದಂತೆ ಅಜ್ಜಿಯವರು ಕುರ್ಚಿಯನ್ನು ಇನ್ನೊಂದು ಬದಿಗೆ ಹಾಕಿಕೊಂಡಾಗ, ಅಲ್ಲಿಯವರೆಗೆ ಒಳಗಿದ್ದವರೆಲ್ಲ ಹೊರಗಾದರು, ಹೊರಗಿದ್ದವರು ಮನೆಯವರಾದರು. ಯಾರೂ ಬೇಸರ ಮಾಡಿಕೊಳ್ಳಬಾರದೆಂದು ವಿನಂತಿ.

7. ಬಾಗಿಲನ್ನು ರಸ್ತೆ ಉಬ್ಬು ಎಂದು ದಾಖಲಿಸುವ ಮುನ್ನ ಅಧಿಕಾರಿಗಳು ಊಟ ಮಾಡಿರತಕ್ಕದ್ದು. ಈ ಕಚೇರಿಯ ಕಿರಿಯ ಇಂಜಿನಿಯರ್ ಸಾಹೇಬರು ನಾಲ್ಕು ಗಂಟೆಗೆ ಹಸಿದ ಹೊಟ್ಟೆಯಲ್ಲಿ ಸ್ಥಳ ತಲುಪಿ ಬಾಗಿಲು ಬಡಿದರು. “ಯಾರು?” ಎಂದು ಕೇಳಲಾಯಿತು. “ಇಲಾಖೆ” ಎಂದರು. “ಯಾವ ಇಲಾಖೆನಪ್ಪಾ?” ಎಂದು ಕೇಳಲಾಯಿತು. ಸಾಹೇಬರು ಜೇಬಿನಿಂದ ತಮ್ಮ ಗುರುತಿನ ಚೀಟಿ ತೆಗೆದು ಓದಿಕೊಂಡರು. ಕೊನೆಗೆ ಅವರ ಮುಖ ನೋಡಲಾರದೆ ಅಜ್ಜಿಯವರೇ ತೆಗೆದರು.

ಉಬ್ಬು ಇನ್ನೆರಡು ವರ್ಷ ಆಗದು ಎಂದು ತಿಳಿಸಲು ಸಾಹೇಬರು ಬಾಯಿ ತೆರೆಯುವಷ್ಟರಲ್ಲಿ ಮೈಕಣ್ಣನವರಿಗೆ ಒಂದು ಯೋಚನೆ ಹೊಳೆಯಿತು. ಕಲ್ಲು, ಬೆಂಚು ಎಲ್ಲ ತೆಗೆಸಿದರು. ಬಾಗಿಲೊಂದನ್ನೇ ನಡುರಸ್ತೆಯಲ್ಲಿ ಉಳಿಸಿದರು. ಎರಡೂ ಬದಿ ಖಾಲಿ. ರೈಲು ಬೇಕಾದರೂ ಹೋಗಬಹುದು. ಮೊದಲ ಬಸ್ಸು ಬಂದಿತು, ಬಾಗಿಲ ಮುಂದೆ ನಿಂತಿತು, ಕಂಡಕ್ಟರ್ ಇಳಿದು ಮೂರು ಸಲ ಬಡಿದು, ಹೆಸರು ಹೇಳಿ, ಕಾಲು ಒರೆಸಿ, ಹತ್ತಿ, ಆಮೇಲೆ ಬಸ್ಸು ಬಾಗಿಲ ಪಕ್ಕದಿಂದ ಆಮೆಯ ಹಾಗೆ ಹೋಯಿತು. “ಹಂಪ್ಸಿಗಿಂತ ಇದೇ ವಾಸಿ! ಹಂಪ್ಸಿಗೆ ಯಾರಾದ್ರೂ ಮರ್ಯಾದೆ ಕೊಡ್ತಾರಾ? ನಮ್ಮ ಬೇಡಿಕೆ ಈಡೇರಿತು, ಬಾಗಿಲು ಇಲ್ಲೇ ಇರ್ಲಿ!” ಎಂದು ಮೈಕಣ್ಣನವರು ಮೈಕಿನಲ್ಲಿ ಘೋಷಿಸಿದರು. ಚಪ್ಪಾಳೆಯ ಭರದಲ್ಲಿ ಸಾಹೇಬರು ‘ರಸ್ತೆ ಉಬ್ಬು, ಮರದ್ದು, ನಿಂತಿರುವಂಥದ್ದು, ಒಂದು’ ಎಂದು ಇಲಾಖೆಯ ಪುಸ್ತಕದಲ್ಲಿ ಬರೆದು ಸಹಿ ಹಾಕಿಬಿಟ್ಟರು. ಬಾಗಿಲು ಅಂದಿನಿಂದ ಇಲಾಖೆಯ ಸ್ವತ್ತು.

8. ತಮ್ಮ ವಿರುದ್ಧ ತಾವೇ ಯಾರೂ ಅರ್ಧ ಗಂಟೆಗಿಂತ ಹೆಚ್ಚು ಘೋಷಣೆ ಕೂಗತಕ್ಕದ್ದಲ್ಲ. ಬಾಗಿಲು ಕೈತಪ್ಪಿದ್ದನ್ನು ಕಂಡು ಬಡಗಿಯವರು ಮಂಕಾಗಿ ನಿಂತರು. ಅವರ ಹೆಂಡತಿ ನಿಲ್ಲಲಿಲ್ಲ, ರಸ್ತೆಯ ಮೇಲೆ ಕೂತರು. “ನಮ್ಮ ಬಾಗಿಲು ನಮಗೆ ಬೇಕು!” ಎಂದು ಕೂಗಿದರು. ಬೆಳಗಿನಿಂದ ಕೂತು ಕೂಗಿ ರೂಢಿಯಾಗಿದ್ದ ನಾನೂರು ಪ್ರತಿಭಟನೆಯವರು, ಯಾರೋ ಕೂತದ್ದು ಕಂಡದ್ದೇ ತಾವೂ ಕೂತು, “ಬೇಕೇ ಬೇಕು!” ಎಂದು ದನಿಗೂಡಿಸಿದರು. ಕೊಡಬೇಕಾದವರು ತಾವೇ ಎಂಬುದು ಅವರಿಗೆ ಹೊಳೆಯಲು ನಲವತ್ತು ನಿಮಿಷ ಹಿಡಿಯಿತು. ಹೊಳೆದ ಮೇಲೆ ಮೈಕಣ್ಣನವರು, “ಅಕ್ಕಾ, ನಿಮ್ಮ ಜೊತೆ ಕೂಗ್ತೀವಿ, ಬಾಗಿಲು ಮಾತ್ರ ಕೇಳಬೇಡಿ” ಎಂದರು.

9. ಕೂಸುಗಳ ಅಳುವನ್ನು ಮೈಕಿನಲ್ಲಿ ಬಿತ್ತರಿಸಲು ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು. ಐದೂಮುಕ್ಕಾಲಿಗೆ ಮಗಳ ಫೋನು ಬಂತು. ಘೋಷಣೆಯಲ್ಲಿ ಏನೂ ಕೇಳಿಸದೆ ಬಡಗಿಯವರು “ಸ್ವಲ್ಪ ಜೋರಾಗಿ ಹೇಳಮ್ಮಾ” ಎಂದರು. ಕೇಳಿಸಲೆಂದು ಭಾವಮೈದ ಫೋನನ್ನು ಮೈಕಿನ ಬಾಯಿಗೆ ಹಿಡಿದರು. ಅವರ ಉದ್ದೇಶ ಒಳ್ಳೆಯದಿತ್ತು. ಅವರ ಎಲ್ಲ ಉದ್ದೇಶಗಳೂ ಒಳ್ಳೆಯವೇ.

ನಾಲ್ಕು ದಿಕ್ಕಿಗೆ ಕಟ್ಟಿದ್ದ ಮೈಕಿನ ನಾಲ್ಕು ಹಾರ್ನುಗಳಲ್ಲೂ ಮಗಳ ದನಿ ಬಂತು: “ಅಪ್ಪಾ, ಎಲ್ಲಿದ್ದೀರಾ? ಇವರು ಹೊರಡೋ ಹೊತ್ತಾಯ್ತು. ಆ ಕರಿ ನಾಯಿ ಮತ್ತೆ ಒಳಗೆ ಬಂದಿತ್ತು, ತೊಟ್ಟಿಲ ಹತ್ರಾನೇ ಬಂದಿತ್ತು. ನಂಗೆ ಅಂಗಡಿ ಬಾಗಿಲೇ ಸಾಕಾಗಿತ್ತು ಅಪ್ಪಾ. ನಾನು ಕೂತೇ ಇದ್ದೀನಿ, ನಿದ್ದೆ ಮಾಡಿ ಮೂರು ದಿನ ಆಯ್ತು.” ಹಿಂದಿನಿಂದ ಕೂಸಿನ ಅಳು. ಅಷ್ಟು ದೊಡ್ಡ ಅಳು ಈ ರಸ್ತೆಯಲ್ಲಿ ಹಿಂದೆಂದೂ ಕೇಳಿಸಿರುವುದಿಲ್ಲ. ಶಾಲೆಯ ಗಾಜು ಅದುರಿದ್ದು ಪೇದೆಯವರ ವರದಿಯಲ್ಲಿದೆ. ನಾನೂರು ಜನ ಎತ್ತಿದ್ದ ಮುಷ್ಟಿ ಇಳಿಸಿದರು. ಆಮೇಲೆ ಯಾರೋ ಒಬ್ಬರು ಮೆಲ್ಲಗೆ “ಜೋ ಜೋ” ಎಂದರು. ಉಳಿದವರು ರೂಢಿಯಂತೆ ಮುಷ್ಟಿ ಎತ್ತಿ “ಜೋ! ಜೋ!” ಎಂದು ಕೂಗಿದರು. ಕೂಸು ಇನ್ನೂ ಜೋರಾಗಿ ಅತ್ತಿತು. ಅಷ್ಟಕ್ಕೆ ವ್ಯಾನಿನ ಬ್ಯಾಟರಿ ಪ್ರಾಣ ಬಿಟ್ಟಿತು.

ಕರೆಂಟಿಲ್ಲದ ಮೈಕನ್ನು ಕೆಳಗಿಟ್ಟು ಮೈಕಣ್ಣನವರು ಬರಿಯ ಬಾಯಲ್ಲಿ ಹೇಳಿದ್ದು ಇಷ್ಟು: “ನಮ್ಮ ಮಕ್ಕಳಿಗೆ ಅಂತ ಕೂತೋರು ನಾವು. ಇನ್ನೊಬ್ಬರ ಕೂಸಿನ ಬಾಗಿಲು ಕಿತ್ಕೊಂಡ್ರೆ ಹೇಗ್ರೋ? ಎತ್ರೋ ಅದನ್ನ!”

10. ಬಾಗಿಲನ್ನು ಓಡಿಸತಕ್ಕದ್ದಲ್ಲ. ವ್ಯಾನು ಸತ್ತಿದ್ದರಿಂದ ಬಾಗಿಲನ್ನು ಹೆಗಲ ಮೇಲೆ ಹೊತ್ತು ನಾನೂರು ಜನ ಸರದಿಯಲ್ಲಿ ಓಡಿದರು. ಬಡಗಿಯವರು ಮಲಗಿಸಲು ಬಿಡದ ಕಾರಣ ನಿಲ್ಲಿಸಿಕೊಂಡೇ ಓಡಿದರು. ಮುಂದೆ ಕುರ್ಚಿಯ ಸಮೇತ ಅಜ್ಜಿಯವರನ್ನೂ ಹೊತ್ತಿದ್ದರು. ಎದುರಿಗೆ ಬಂದ ವಾಹನಗಳವರು ಇಳಿದು ಬಡಿಯಲು ಕೈ ಎತ್ತುವಷ್ಟರಲ್ಲಿ ಬಾಗಿಲು ದಾಟಿಹೋಗಿರುತ್ತಿತ್ತು. ಆರು ಕಿಲೋಮೀಟರ್ ಐವತ್ತು ನಿಮಿಷದಲ್ಲಿ. ಏಳಕ್ಕೆ ಐದು ನಿಮಿಷವಿದ್ದಾಗ ಬಾಗಿಲು ಮಗಳ ಮನೆಗೆ ಕೂತಿತು. ಅಳಿಯ ಅದೇ ಬಾಗಿಲಿನಿಂದ ಪಾಳಿಗೆ ಹೊರಟರು. ಬಡಗಿಯವರ ಹೆಂಡತಿಯ ಪ್ರಕಾರ ಐವತ್ತಲ್ಲ, ಐವತ್ತೈದು ನಿಮಿಷ. ಸೇರಿಸಲಾಗಿದೆ.

11. ಇಲಾಖೆಯ ಸ್ವತ್ತು ಹೋದ ಜಾಗವನ್ನು ಇಲಾಖೆಯ ಸಿಬ್ಬಂದಿಯಿಂದ ತುಂಬಿಸತಕ್ಕದ್ದಲ್ಲ. ಬಾಗಿಲು ಹೋದರೆ ಉಬ್ಬಿನ ಗತಿಯೇನು ಎಂದು ಕೇಳಿ, ಪ್ರತಿಭಟನೆಯವರು ಬಾಗಿಲಿದ್ದ ಜಾಗದಲ್ಲಿ ಕಿರಿಯ ಇಂಜಿನಿಯರ್ ಸಾಹೇಬರನ್ನು ನಿಲ್ಲಿಸಿ ಹೋಗಿದ್ದಾರೆ. ಉಬ್ಬು ಆಗುವವರೆಗೆ ಅಥವಾ ಬಾಗಿಲು ಬರುವವರೆಗೆ ಅವರು ಹಗಲು ಹೊತ್ತು ಅಲ್ಲಿ ನಿಲ್ಲಬೇಕೆಂದು ಮಾತಾಗಿದೆ. ಉಬ್ಬಿಗೆ ಮಂಜೂರಾತಿ ಕೊಡುವ ಅಧಿಕಾರ ಸಾಹೇಬರಿಗೆ ಮಾತ್ರ ಇದೆ. ಮಂಜೂರಾತಿಯ ಕಡತ ಕಚೇರಿ ಬಿಟ್ಟು ಹೊರಗೆ ಹೋಗುವಂತಿಲ್ಲ. ಸಾಹೇಬರು ಜಾಗ ಬಿಟ್ಟು ಕಚೇರಿಗೆ ಬರುವಂತಿಲ್ಲ. ಆದ್ದರಿಂದ ವಾಹನ ಸವಾರರು ಸಾಹೇಬರನ್ನು ಬಡಿಯತಕ್ಕದ್ದಲ್ಲ, ಕೆಮ್ಮಿ ದಾಟತಕ್ಕದ್ದು. “ಯಾರು?” ಎಂದು ಕೇಳಲು ಸಾಹೇಬರಿಗೆ ಅಧಿಕಾರ ನೀಡಲಾಗಿದೆ. ಕೊಡೆ ಮಂಜೂರಾಗಿದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯನ್ನು ಸಾಹೇಬರ ಕಿವಿಗೆ ಬೀಳುವಂತೆ ಹೇಳುವುದನ್ನು ನಿಷೇಧಿಸಲಾಗಿದೆ.

12. ಆದ್ದರಿಂದ ಬಡಗಿ ಕುಟುಂಬಕ್ಕೂ ಅವರ ಮಗಳಿಗೂ ಆದೇಶಿಸುವುದೇನೆಂದರೆ, ಸದರಿ ಬಾಗಿಲನ್ನು ಈ ಸುತ್ತೋಲೆ ಕೈಸೇರಿದ ಏಳು ದಿನದೊಳಗೆ ಕಿತ್ತು ತಂದು ಶಾಲೆಯ ತಿರುವಿನಲ್ಲಿ ಒಪ್ಪಿಸತಕ್ಕದ್ದು. ಸುತ್ತೋಲೆ ಮಗಳ ಕೈಸೇರಿದ ಗಳಿಗೆಯಿಂದ ಮಾತ್ರ ಜಾರಿಗೆ ಬರುತ್ತದೆ. ಬಾಗಿಲಿನ ಮೇಲೆ ಅಂಟಿಸುವಂತಿಲ್ಲ, ಏಕೆಂದರೆ ಬಾಗಿಲು ಇಲಾಖೆಯ ಸ್ವತ್ತು, ಇಲಾಖೆಯ ಸ್ವತ್ತಿನ ಮೇಲೆ ಕಾಗದ ಅಂಟಿಸುವುದು ಅಪರಾಧ. ಬಾಗಿಲು ಬಡಿದು ಕೊಡಬೇಕು, ಇಲ್ಲವೇ ಬಾಗಿಲ ಅಡಿಯಿಂದ ತೂರಿಸಬೇಕು.

ಹಿಂಬರಹ (ಅದೇ ದಿನ ಮಧ್ಯಾಹ್ನ, ಜಾರಿ ಮಾಡಲು ಹೋದ ಬಗ್ಗೆ):

ಸುತ್ತೋಲೆಯೊಂದಿಗೆ ಸೈಕಲ್ ತುಳಿದು ಆರು ಕಿಲೋಮೀಟರ್ ಹೋಗಲಾಯಿತು. ಬಾಗಿಲು ಹಾಕಿತ್ತು. ಅಂಗಳದಲ್ಲಿ ಕರಿ ನಾಯಿ ಬಾಗಿಲಿಗೆ ಬೆನ್ನು ಕೊಟ್ಟು ಮಲಗಿತ್ತು. ಸುತ್ತೋಲೆಯನ್ನು ಅಡಿಯಿಂದ ತೂರಿಸಲು ನೋಡಲಾಯಿತು. ಹೋಗಲಿಲ್ಲ. ಒಂದೊಂದೇ ಹಾಳೆಯಾಗಿ ನೋಡಲಾಯಿತು. ಅದೂ ಹೋಗಲಿಲ್ಲ. ಪಕ್ಕದಿಂದ, ಮೇಲಿನಿಂದ, ಬೀಗದ ತೂತಿನಿಂದ ನೋಡಲಾಯಿತು. ಬಡಗಿಯವರು ಎಲ್ಲೂ ಒಂದು ನೂಲಿನೆಳೆ ಸಂದು ಬಿಟ್ಟಿಲ್ಲ. ಮೂವತ್ತೊಂದು ವರ್ಷ ಕಚೇರಿ ಬಾಗಿಲು ಕಾದ ಅನುಭವದ ಮೇಲೆ ಹೇಳುವುದಾದರೆ, ಇಂಥ ಬಾಗಿಲನ್ನು ಎಲ್ಲೂ ಕಂಡಿರುವುದಿಲ್ಲ.

ಉಳಿದದ್ದು ಬಡಿಯುವುದೊಂದೇ. ಬಡಿಯುವ ಮುನ್ನ ಕಿವಿಯಿಟ್ಟು ಕ್ರಮಪ್ರಕಾರ ಆಲಿಸಲಾಯಿತು. ಒಳಗೆ ಏನೂ ಸದ್ದಿಲ್ಲ. ಇನ್ನೂ ಸ್ವಲ್ಪ ಆಲಿಸಲಾಗಿ, ಒಂದು ದೊಡ್ಡ ಗೊರಕೆ, ಅದರ ಪಕ್ಕದಲ್ಲಿ ಒಂದು ಚಿಕ್ಕ ಗೊರಕೆ ಕೇಳಿಬಂದವು. ಕೈ ಎತ್ತಲಾಯಿತು. ಕೈ ಇಳಿಸಲಾಯಿತು. ಕಾಲು ಒರೆಸಿಕೊಂಡು ವಾಪಸ್ಸು ಬರಲಾಯಿತು.

ಸುತ್ತೋಲೆ ಕೈಸೇರಿರುವುದಿಲ್ಲ. ಆದ್ದರಿಂದ ಜಾರಿಗೆ ಬಂದಿರುವುದಿಲ್ಲ.

(ಸಹಿ)
ಪ್ರಭಾರ ಅಧಿಕಾರಿ
(ಖಾಯಂ ಹುದ್ದೆ: ಕಚೇರಿ ಕಾವಲುಗಾರ; ಸಾಹೇಬರು ರಸ್ತೆಯಲ್ಲಿ ನಿಂತಿರುವ ಕಾರಣ ಪ್ರಭಾರ)

ಪ್ರತಿಗಳು:
1. ಕಿರಿಯ ಇಂಜಿನಿಯರ್ ಸಾಹೇಬರಿಗೆ: ಶಾಲೆಯ ತಿರುವು, ನಡುರಸ್ತೆ. ಖುದ್ದಾಗಿ ಕೊಡತಕ್ಕದ್ದು, ಎಲ್ಲೂ ಹೋಗಿರುವುದಿಲ್ಲ.
2. ಮೈಕಣ್ಣನವರಿಗೆ: ಮೈಕಿನಲ್ಲಿ ಓದಬಾರದೆಂಬ ಷರತ್ತಿನ ಮೇಲೆ.
3. ಭಾವಮೈದುನರಿಗೆ: ಹೊಸ ಬ್ಯಾಟರಿ ತಂದ ಮೇಲೆ. ಇದನ್ನೂ ಯಾರಿಗೂ ದಾನ ಮಾಡಬಾರದು.
4. ಬಡಗಿಯವರ ಹೆಂಡತಿಗೆ: ಗೋಣಿಚೀಲದ ಪರದೆ ಸರಿಸಿ ಕೊಡತಕ್ಕದ್ದು.
5. ಅಜ್ಜಿಯವರಿಗೆ: ಹೆಸರು ಹೇಳಿ, ಕೆಲಸ ಹೇಳಿ ಕೊಡತಕ್ಕದ್ದು. ಮಗಳ ಮನೆಯ ಬೀಗದಕೈ ಇನ್ನೂ ಅವರ ಸಂಚಿಯಲ್ಲೇ ಇರುವ ಬಗ್ಗೆ ನೆನಪಿಸತಕ್ಕದ್ದು.
6. ಬಡಗಿಯ ಮಗಳಿಗೆ: ಬಾಗಿಲು ತಾನಾಗಿ ತೆರೆದಾಗ.
7. ಕೂಸಿಗೆ: ಎದ್ದ ಮೇಲೆ.